ಪದ ಉಂಟು, ಹುಡುಕಿದರೆ ಇಲ್ಲ: ಗಡಿನಾಡ ಪದಕೋಶ ಮತ್ತು ರಿಮೋಟ್ ಡಿಬಗ್ಗರ್

ನಾನು ಕನ್ನಡ ಎಂ.ಎ. ವಿದ್ಯಾರ್ಥಿ. ಕಾಸರಗೋಡಿನ ಮನೆಮಾತಿನ ಪದಗಳನ್ನು ಧ್ವನಿಮುದ್ರಣದ ಜೊತೆಗೆ ಕೂಡಿಡುವ ಒಂದು ಸಣ್ಣ ಜಾಲತಾಣವನ್ನು ನಾವು ಕೆಲವು ಗೆಳೆಯರು ನಡೆಸುತ್ತಿದ್ದೇವೆ. ಅದರಲ್ಲಿ ‘ತೋಡು’ ಎಂದು ಹುಡುಕಿದರೆ ‘ಪದ ಸಿಗಲಿಲ್ಲ’ ಅಂತ ಬರ್ತಿತ್ತು. ಪದ ಮಾತ್ರ ಡೇಟಾಬೇಸಿನಲ್ಲಿ ಕಣ್ಣೆದುರೇ ಉಂಟು! ತೋಡು ಅಂದರೆ ತೋಟದ ಬದಿಯಲ್ಲಿ ಹರಿಯುವ ಸಣ್ಣ ನೀರಿನ ಹರಿವು, ನಿಮಗೆಲ್ಲ ಗೊತ್ತಿರುವುದೇ. ಆದರೆ ಹೊರಗಿನ ಓದುಗರು ‘ಸಿಗಲಿಲ್ಲ’ ಎಂಬುದನ್ನು ‘ಆ ಊರಿನ ಕನ್ನಡದಲ್ಲಿ ಇಲ್ಲ’ ಎಂದೇ ಓದಿಕೊಳ್ಳುತ್ತಾರೆ. ಗಡಿನಾಡಿನ ಮಾತಿಗೆ ಅದು ಸಣ್ಣ ನಷ್ಟವಲ್ಲ.

ನಮ್ಮ ಲ್ಯಾಪ್‌ಟಾಪಿನಲ್ಲಿ, ನಾವೇ ಟೈಪ್ ಮಾಡಿದ ಪದಗಳಿಗೆ ಅದೇ ಕೋಡ್ ಸರಿಯಾಗಿ ಕೆಲಸ ಮಾಡುತ್ತಿತ್ತು. ಹಾಗಾಗಿ ಸರ್ವರಿನಲ್ಲೇ, ಕೋಡ್ ಓಡುತ್ತಿರುವಾಗ ತಡೆದು ನಿಲ್ಲಿಸಿ ನೋಡಬೇಕಿತ್ತು. ರಿಮೋಟ್ ಡಿಬಗ್ಗರ್ ಮಾಡುವುದು ಇದನ್ನೇ. ಬೇಕಾದ ಸಾಲಿನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟರೆ ಕೋಡ್ ಅಲ್ಲಿ ನಿಲ್ಲುತ್ತದೆ, ಆ ಕ್ಷಣದಲ್ಲಿ ಯಾವ ಚರದಲ್ಲಿ ಏನುಂಟು ಎಂಬುದು ನಮ್ಮ ಪರದೆಯಲ್ಲಿ ಕಾಣುತ್ತದೆ. ನಮ್ಮದು ಪಿಎಚ್‌ಪಿ ತಾಣ, ಆದ್ದರಿಂದ ಬಳಸಿದ್ದು ಎಕ್ಸ್‌ಡಿಬಗ್.

ಇಲ್ಲಿ ಮೊದಲು ತಿಳಿಯಬೇಕಾದ್ದು ಕರೆಯ ದಿಕ್ಕು. ನಾವು ಸರ್ವರಿಗೆ ಕರೆ ಮಾಡುವುದಲ್ಲ, ಸರ್ವರೇ ನಮ್ಮ ಎಡಿಟರಿಗೆ ಕರೆ ಮಾಡುತ್ತದೆ. ಮನೆಯ ಇಂಟರ್ನೆಟ್ಟು ರೌಟರಿನ ಹಿಂದೆ ಇರುವುದರಿಂದ ಆ ಕರೆ ಸಾಮಾನ್ಯವಾಗಿ ನಮಗೆ ಮುಟ್ಟುವುದೇ ಇಲ್ಲ. ಅದಕ್ಕೆ ಪೋರ್ಟನ್ನು ಹೊರಜಗತ್ತಿಗೆ ತೆರೆದಿಡಬಾರದು. ನಮ್ಮ ಕಡೆಯಿಂದ ಎಸ್‌ಎಸ್‌ಎಚ್‌ನ ಹಿಮ್ಮುಖ ಸುರಂಗ ತೆಗೆದರೆ ಸರ್ವರಿನ 9003ನೇ ಪೋರ್ಟಿಗೆ ಬಂದದ್ದು ನಮ್ಮ ಲ್ಯಾಪ್‌ಟಾಪಿನ 9003ಕ್ಕೆ ಬರುತ್ತದೆ. ಆಮೇಲೆ ಸರ್ವರಿನ ಸಂರಚನಾ ಕಡತದಲ್ಲಿ ಮೂರು ಸಾಲು ಸಾಕು: ಮೋಡ್ ‘ಡಿಬಗ್’, ಕ್ಲೈಂಟ್ ಹೋಸ್ಟ್ 127.0.0.1, ಆರಂಭ ‘ಟ್ರಿಗರ್’. ಟ್ರಿಗರ್ ಅಂದರೆ ನಾವು ಗುರುತು ಹಾಕಿ ಕಳಿಸಿದ ವಿನಂತಿ ಮಾತ್ರ ನಿಲ್ಲುತ್ತದೆ, ಬೇರೆಯವರದು ಸರಾಗ ಹೋಗುತ್ತದೆ.

ಇಷ್ಟಾದರೂ ಸಂಪರ್ಕ ಸಿಗದಿದ್ದರೆ? ಈ ಕ್ರಮದಲ್ಲಿ ನೋಡಿ.

ಒಂದು, ಪೋರ್ಟ್. ಹಳೆಯ ಬರಹಗಳಲ್ಲಿ 9000 ಅಂತ ಇರ್ತದೆ. 2020ರಲ್ಲಿ ಬಂದ ಮೂರನೇ ಆವೃತ್ತಿಯಿಂದ ಅದು 9003.

ಎರಡು, ಸಂರಚನೆ. ಕಮಾಂಡ್ ಲೈನಿನ ಪಿಎಚ್‌ಪಿಗೂ ವೆಬ್ಬಿನ ಪಿಎಚ್‌ಪಿಗೂ ಬೇರೆ ಬೇರೆ ಸಂರಚನಾ ಕಡತ ಇರಬಹುದು. ಒಂದರಲ್ಲಿ ಎಕ್ಸ್‌ಡಿಬಗ್ ಕಂಡರೆ ಇನ್ನೊಂದರಲ್ಲೂ ಉಂಟು ಎಂದಲ್ಲ. ಬದಲಿಸಿದ ಮೇಲೆ ಎಫ್‌ಪಿಎಮ್ ಮರುಚಾಲನೆ ಮಾಡಬೇಕು.

ಮೂರು, ದಾರಿ. ಸಂಪರ್ಕ ಬಂದರೂ ಬ್ರೇಕ್‌ಪಾಯಿಂಟಿನಲ್ಲಿ ನಿಲ್ಲದಿದ್ದರೆ, ಸರ್ವರಿನ ಫೋಲ್ಡರ್ ಯಾವುದು, ನಮ್ಮಲ್ಲಿ ಅದಕ್ಕೆ ಸರಿಯಾದದ್ದು ಯಾವುದು ಎಂಬ ಜೋಡಣೆಯನ್ನು ಎಡಿಟರಿಗೆ ಹೇಳಿಕೊಟ್ಟಿಲ್ಲ ಎಂದರ್ಥ.

ಯಾವುದೂ ಆಗದಿದ್ದರೆ ಎಕ್ಸ್‌ಡಿಬಗ್‌ನ ಲಾಗ್ ತೆರೆಯಿರಿ. ಅದು ಯಾವ ವಿಳಾಸಕ್ಕೆ ಕರೆ ಮಾಡಿತು, ಯಾಕೆ ಸೋತಿತು ಎಂದು ಅಲ್ಲೇ ಬರೆದಿರುತ್ತದೆ.

ಹೀಗೆ ಹೋಲಿಕೆಯ ಸಾಲಿನಲ್ಲಿ ಕೋಡ್ ನಿಲ್ಲಿಸಿದಾಗ ಎರಡು ‘ತೋಡು’ಗಳು ಎದುರು ಬದುರು ನಿಂತವು. ಕಣ್ಣಿಗೆ ಒಂದೇ. ಉದ್ದ ಕೇಳಿದರೆ ಒಂದು 12 ಬೈಟ್, ಇನ್ನೊಂದು 18! ಯೂನಿಕೋಡಿನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಕೀಲಿಮಣೆಯಿಂದ ಬಂದದ್ದು ಮೊದಲನೆಯದು. ಸಂಗ್ರಹದಲ್ಲಿದ್ದ ಪದವನ್ನು ಧ್ವನಿಕಡತದ ಹೆಸರಿನಿಂದ ಎತ್ತಿಕೊಂಡಿದ್ದೆವು, ಆ ಕಡತ ಹಳೆಯ ಮ್ಯಾಕ್ ಗಣಕದ್ದು. ಅದರ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ಕೋಡ್ ಬೈಟುಗಳನ್ನು ಹೋಲಿಸಿ, ಎರಡೂ ಬೇರೆ ಎಂದಿತು.

ಪರಿಹಾರ ಸರಳ. ಎರಡನ್ನೂ ಪಿಎಚ್‌ಪಿಯ ನಾರ್ಮಲೈಜರ್‌ನಿಂದ ಎನ್‌ಎಫ್‌ಸಿ ರೂಪಕ್ಕೆ ತಂದು ಹೋಲಿಸಬೇಕು. ಆದರೆ ‘ಕಾರ್ಯ’, ‘ಕಾರ್‍ಯ’ ಇವೆರಡು ಅದರಿಂದ ಒಂದಾಗುವುದಿಲ್ಲ, ಯಾಕೆಂದರೆ ಎರಡನೆಯದರಲ್ಲಿ ಕಾಣದ ಒಂದು ಜೋಡಕ ಸಂಕೇತ ಉಂಟು. ಅದನ್ನು ಹುಡುಕುವ ಕೀಲಿಯಿಂದ ಬೇರೆಯಾಗಿ ತೆಗೆಯಬೇಕು.

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಮುಖ್ಯ ಅನ್ನಿಸಿದ್ದು ಇದು. ಈ ತಿದ್ದುಪಡಿ ಹುಡುಕುವ ಕೀಲಿಗೆ ಮಾತ್ರ, ಬರೆದಿಟ್ಟ ಪದಕ್ಕಲ್ಲ. ಒಂದೇ ಅಕ್ಷರಕ್ಕೆ ಎರಡು ಸಂಕೇತ ಇರುವುದು ಯಂತ್ರದ ಭೇದ, ಅದನ್ನು ಅಳಿಸಬಹುದು. ‘ತೋಡು’ ಅನ್ನುವವರೂ ‘ಹಳ್ಳ’ ಅನ್ನುವವರೂ ಇರುವುದು ಜನರ ಭೇದ. ಹುಡುಕಾಟ ಸುಲಭವಾಗಲಿ ಅಂತ ಒಂದನ್ನು ಇನ್ನೊಂದಕ್ಕೆ ತಿದ್ದಿದರೆ ನಾವು ಕೂಡಿಸಿದ್ದು ಯಾವುದಕ್ಕೆ?

ಕೊನೆಗೊಂದು ಎಚ್ಚರ. ಡಿಬಗ್ಗರಿಗೆ ಚರದಲ್ಲಿದ್ದದ್ದೆಲ್ಲ ಕಾಣುತ್ತದೆ, ಮಾತು ಕೊಟ್ಟ ಹಿರಿಯರ ಹೆಸರು, ಫೋನ್ ನಂಬರ್ ಕೂಡ. ಆದ್ದರಿಂದ ತಾಣದ ಪ್ರತಿಯೊಂದನ್ನು ಮಾಡಿ, ಆ ವಿವರ ತೆಗೆದು, ಅದರ ಮೇಲೆ ಕೆಲಸ ಮಾಡಿ. ಮುಗಿದ ಕೂಡಲೇ ಎಕ್ಸ್‌ಡಿಬಗ್ ಆಫ್ ಮಾಡಿ, ಸುರಂಗ ಮುಚ್ಚಿ. ಸೊಲ್ಲಾಪುರದಲ್ಲೋ ತಾಳವಾಡಿಯಲ್ಲೋ ಇಂಥ ಪದಕೋಶ ಕಟ್ಟುವವರಿದ್ದರೆ ಮೊದಲ ನೂರು ಪದ ಸೇರಿಸುವಾಗಲೇ ಈ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಪ್ರಶ್ನೆಗಳಿದ್ದರೆ ಕೇಳಿ.