ಹಳೆ ಇಳಕಲ್ ಸೀರೆಯಿಂದ ಬಾಗಿಲ ತೋರಣ

ದಸರಾ ಹತ್ತಿರವಾಗುತ್ತಿದ್ದಂತೆ ಅಂಗಡಿಗಳ ಮುಂದೆ ಬಟ್ಟೆಯ ತೋರಣಗಳು ತೂಗತೊಡಗುತ್ತವೆ. ಮಿರುಗುವ ಬಟ್ಟೆ, ಅಂಟಿಸಿದ ಕನ್ನಡಿ, ಎರಡು ಹಬ್ಬ ಕಳೆಯುವಷ್ಟರಲ್ಲಿ ಉದುರುವ ಮಣಿ. ಅತ್ತ ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯ ಇಳಕಲ್ ಸೀರೆಯೊಂದು ಮಡಿಕೆ ಮಡಿಕೆಯಲ್ಲೇ ಹರಿಯುತ್ತ ಬಿದ್ದಿರಬಹುದು. ಉಡುವ ಹಾಗಿಲ್ಲ, ಎಸೆಯಲು ಮನಸ್ಸಿಲ್ಲ. ಅದರ ಸೆರಗು ಮತ್ತು ಅಂಚಿನಿಂದ ವರ್ಷ ವರ್ಷವೂ ತೆಗೆದು ಕಟ್ಟುವಂಥ ತೋರಣ ಮಾಡಬಹುದು. ಮಾವಿನ ಎಲೆಗೆ ಇದು ಬದಲಲ್ಲ. ಹಸಿರು ತೋರಣ ಅದರ ಪಾಡಿಗೆ ಇರಲಿ, ಇದು ಅದರ ಮೇಲೊಂದು ಸಾಲು.

ಕತ್ತರಿ ಹಾಕಬಹುದೇ ಎಂಬ ಅಳುಕು ಎಲ್ಲರಿಗೂ ಇರುತ್ತದೆ, ಇರಲೂಬೇಕು. ಇನ್ನೂ ಉಡಬಹುದಾದ ಸೀರೆಯನ್ನು ಮುಟ್ಟಬೇಡಿ. ಮೈತುಂಬ ಕೈ ಕಸೂತಿ ಇದ್ದರೆ ಹರಿದಿದ್ದರೂ ಹಾಗೇ ಇಡಿ. ಎಳೆ ಎಣಿಸಿ ಹಾಕಿದ ಗವಂತಿ, ಮುರ್ಗಿ ಹೊಲಿಗೆಯನ್ನು ತುಂಡು ಮಾಡಿದರೆ ಮತ್ತೆ ಕೂಡಿಸಲಾಗದು. ಹಳೆ ರೇಷ್ಮೆ ಸೀರೆಯಲ್ಲಿ ಅಸಲಿ ಜರಿ ಇದ್ದರೆ ಅದರಲ್ಲಿ ಬೆಳ್ಳಿ ಇರುತ್ತದೆ. ಹಳೆ ಜರಿ ಕೊಳ್ಳುವವರ ಹತ್ತಿರ ಬೆಲೆ ಕೇಳಿಕೊಂಡು ಆಮೇಲೆ ನಿರ್ಧರಿಸಿ.

ಇಳಕಲ್ ಸೀರೆಯೇ ಏಕೆ? ಅದರ ನೇಯ್ಗೆ ಈ ಕೆಲಸಕ್ಕೆ ಒಗ್ಗುತ್ತದೆ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಒಡಲಿಗೂ ಸೆರಗಿಗೂ ಹಾಸಿನ ಎಳೆಗಳನ್ನು ಬೇರೆ ಬೇರೆಯಾಗಿ ಮಾಡಿಕೊಂಡು, ಎರಡನ್ನೂ ಕೊಂಡಿ ಹಾಕಿದಂತೆ ಜೋಡಿಸುತ್ತಾರೆ. ಒಡಲು ಹೆಚ್ಚಾಗಿ ಹತ್ತಿಯದು. ಸೆರಗು ರೇಷ್ಮೆಯದು, ಕೆಂಪು ನೆಲದ ಮೇಲೆ ಬಿಳಿ ವಿನ್ಯಾಸ. ತೆನೆ, ಬಾಚಣಿಗೆ ಹಲ್ಲು, ಕೋಟೆಯ ತೆನೆಗೋಡೆಯ ಆಕಾರಗಳೆಲ್ಲ ಅಲ್ಲಿವೆ. ಬಾಗಿಲ ಮೇಲೆ ಕಟ್ಟಲು ಬೇರೆ ಅಲಂಕಾರವೇ ಬೇಡ. ಒಡಲು ಸೆರಗು ಕೂಡುವ ಗೆರೆಯ ಮೇಲೆ ಮಾತ್ರ ಕತ್ತರಿ ಆಡಿಸಬೇಡಿ. ಅದರ ಎರಡೂ ಬದಿ ಎರಡು ಬೆರಳಗಲ ಬಿಡಿ, ಇಲ್ಲದಿದ್ದರೆ ಕೊಂಡಿ ಬಿಚ್ಚಿಕೊಳ್ಳುತ್ತದೆ.

ಈಗ ಬಟ್ಟೆಯ ಆರೋಗ್ಯ ನೋಡಿ. ಕಿಟಕಿಯ ಬೆಳಕಿಗೆ ಹಿಡಿದರೆ ಸವೆದ ಜಾಗ ಜರಡಿಯಂತೆ ಕಾಣುತ್ತದೆ. ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಹಳೆ ರೇಷ್ಮೆ ಮೊದಲು ಸೋಲುವುದು ಮಡಿಕೆಯ ಗೆರೆಯಲ್ಲಿ. ಎರಡು ಕೈಯಲ್ಲಿ ಮೆಲ್ಲಗೆ ಎಳೆದು ನೋಡಿ. ಚಿರ್ ಎಂದು ಬಿಟ್ಟರೆ ಆ ಭಾಗ ಬೇಡ. ಎಳೆ ಯಾವುದೆಂದು ತಿಳಿಯಲು ಒಂದೆರಡು ದಾರ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಒತ್ತಿದರೆ ಪುಡಿಯಾಗುತ್ತದೆ. ಹತ್ತಿ ಕಾಗದ ಸುಟ್ಟಂತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಇಸ್ತ್ರಿಯ ಬಿಸಿ ಎಷ್ಟಿರಬೇಕು ಎಂಬುದು ಇದರಿಂದಲೇ ತೀರ್ಮಾನವಾಗುವುದರಿಂದ ಈ ಪರೀಕ್ಷೆ ತಪ್ಪಿಸಬೇಡಿ.

ಒಗೆಯಬಹುದೇ? ಒದ್ದೆ ಬಿಳಿ ಬಟ್ಟೆಯನ್ನು ಸೆರಗಿನ ಮೂಲೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕೆಂಪು ಅಂಟಿದರೆ ನೀರಿಗೆ ಹಾಕಲೇಬೇಡಿ, ನೆರಳಲ್ಲಿ ಗಾಳಿಗೆ ಹಾಕಿ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಬಣ್ಣ ಬಿಡದಿದ್ದರೆ ಅಂಟುವಾಳ ಕಾಯಿ ನೆನೆಸಿದ ತಣ್ಣೀರಿನಲ್ಲಿ ಅದ್ದಿ ತೆಗೆಯಿರಿ. ಹಿಂಡಬೇಡಿ. ಟವೆಲ್ ಮೇಲೆ ಹರಡಿ ನೆರಳಲ್ಲಿ ಒಣಗಿಸಿ.

ಇನ್ನು ಹೊಲಿಗೆ. ನೆನಪಿಡಬೇಕಾದ್ದು ಇಷ್ಟೇ: ಹಳೆ ಬಟ್ಟೆ ಚೆಂದಕ್ಕೆ, ಹೊಸ ಬಟ್ಟೆ ಭಾರಕ್ಕೆ. ಅದಕ್ಕಾಗಿ ಪ್ರತಿ ತುಂಡಿನ ಹಿಂದೆ ಫ್ಯೂಸಿಂಗ್ ಬೇಕು. ಇದು ಒಂದು ಬದಿಗೆ ಅಂಟು ಇರುವ ತೆಳು ಬಟ್ಟೆ. ಇಸ್ತ್ರಿಯ ಬಿಸಿಗೆ ಕರಗಿ ಹಿಡಿದುಕೊಳ್ಳುತ್ತದೆ. ಪೇಸ್ಟಿಂಗ್ ಎಂದು ಕೇಳಿದರೂ ದರ್ಜಿಗಳಿಗೆ ತಿಳಿಯುತ್ತದೆ. ತೆಳ್ಳನೆಯದನ್ನೇ ಕೇಳಿ. ಅಂಟಿಸುವಾಗ ಇಸ್ತ್ರಿಯನ್ನು ಉಜ್ಜದೆ, ಮೇಲೊಂದು ಹತ್ತಿ ಬಟ್ಟೆ ಹಾಸಿ ಒತ್ತಿ ಎತ್ತಿ.

ಮೂರಡಿ ಅಗಲದ ಬಾಗಿಲಿಗೆ ಲೆಕ್ಕ ಹೀಗೆ. ಸೀರೆಯ ಅಂಚಿನಿಂದ 37 ಇಂಚು ಉದ್ದ, 4 ಇಂಚು ಅಗಲದ ಪಟ್ಟಿ ತೆಗೆಯಿರಿ. ಹೊಲಿದ ಮೇಲೆ ಅದು 36 ಇಂಚು ಉದ್ದ, 3 ಇಂಚು ಅಗಲ ಆಗುತ್ತದೆ. ಸೆರಗಿನಿಂದ ಮಾವಿನೆಲೆ ಆಕಾರದ ಎಂಟು ತುಂಡು, ಒಂದೊಂದೂ ನಾಲ್ಕೂವರೆ ಇಂಚು ಅಗಲ, 7 ಇಂಚು ಉದ್ದ. ಮೊದಲು ಕಾಗದದಲ್ಲಿ ಎಲೆ ಕತ್ತರಿಸಿಕೊಂಡು, ಸೀಮೆಸುಣ್ಣದ ಗುರುತು ತಪ್ಪಿಸಿ ಅದನ್ನು ಅಲ್ಲಿ ಇಲ್ಲಿ ಸರಿಸಿ ನೋಡಿ. ಬಿಳಿ ತೆನೆ ಪ್ರತಿ ಎಲೆಯ ನಡುವಿಗೆ ಬಂದರೆ ಕಣ್ಣಿಗೆ ಹಿತ. ಬರದಿದ್ದರೂ ಚಿಂತೆಯಿಲ್ಲ, ಗಟ್ಟಿ ಬಟ್ಟೆ ಮುಖ್ಯ.

ಪಟ್ಟಿಗೂ ಎಲೆಗಳಿಗೂ ಅದೇ ಅಳತೆಯ ಹತ್ತಿ ಲೈನಿಂಗ್, ಅಂದರೆ ಒಳಬಟ್ಟೆ, ಕತ್ತರಿಸಿ. ಲೈನಿಂಗನ್ನು ಮೊದಲೇ ನೆನೆಸಿ ಒಣಗಿಸಿರಬೇಕು, ಇಲ್ಲವಾದರೆ ಮುಂದೆ ಕುಗ್ಗಿ ಮೇಲಿನ ಬಟ್ಟೆಯನ್ನು ಸುಕ್ಕು ಮಾಡುತ್ತದೆ. ಎಲೆಯ ಒಳ್ಳೆಯ ಮುಖ ಲೈನಿಂಗಿಗೆ ತಾಗುವಂತೆ ಇಟ್ಟು, ಮೇಲ್ತುದಿ ಬಿಟ್ಟು ಸುತ್ತಲೂ ಕಾಲಿಂಚು ಒಳಗೆ ಹೊಲಿಯಿರಿ. ತಿರುವಿನಲ್ಲಿ ಹೊಲಿಗೆಗೆ ತಾಗದಂತೆ ಸಣ್ಣ ಕತ್ತರಿ ಕೊಟ್ಟು ಒಳಗು ಹೊರಗು ಮಾಡಿ, ಇಸ್ತ್ರಿ ಹಾಕಿ. ಪಟ್ಟಿಯ ಎರಡು ಪದರಗಳ ನಡುವೆ, ಕೆಳ ಅಂಚಿನಲ್ಲಿ, ಎಂಟು ಎಲೆಗಳನ್ನೂ ಅರ್ಧ ಅರ್ಧ ಇಂಚು ಬಿಟ್ಟು ಸಿಕ್ಕಿಸಿ ಹೊಲಿಯಿರಿ. ಮೇಲ್ಗಡೆ ಲೈನಿಂಗ್ ಬಟ್ಟೆಯದೇ ನಾಲ್ಕು ಕುಣಿಕೆ. ಅದರಲ್ಲಿ ಲಾಡಿ ಪೋಣಿಸಿ ಮೊಳೆಗೆ ಕಟ್ಟಿದರೆ ಎಳೆತವೆಲ್ಲ ಲಾಡಿಯ ಮೇಲೆ ಬೀಳುತ್ತದೆ, ಸೀರೆಯ ಮೇಲಲ್ಲ. ಎಲೆಯ ತುದಿಗೆ ಗೊಂಡೆ ಬೇಕೆನಿಸಿದರೆ ಸೀರೆಗೆ ಕುಚ್ಚು ಕಟ್ಟುವವರನ್ನು ಕೇಳಿ. ನನ್ನನ್ನು ಕೇಳಿದರೆ ಇಳಕಲ್ ಸೆರಗಿಗೆ ಗೊಂಡೆ, ಗೆಜ್ಜೆ, ಕನ್ನಡಿ ಯಾವುದೂ ಬೇಡ.

ಹೊಲಿಗೆ ಯಂತ್ರ ಇಲ್ಲವೇ? ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಹಿಳೆಯರು ಇಡೀ ಕೌದಿಯನ್ನೇ ಕೈಯಲ್ಲಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ, ಒಂದೊಂದೇ ತುಂಡಿನ ತುದಿಯನ್ನು ಬೆರಳಲ್ಲಿ ಒಳಮಡಚಿ, ಸುತ್ತುತ್ತ ನಡುವಿಗೆ ಬರುತ್ತಾರೆ. ಎಳೆದರೆ ಬಿಡುವಷ್ಟು ಸೋತ ಸೆರಗಿಗೂ ಈ ದಾರಿ ಆಗುತ್ತದೆ. ಹೊಸ ಹತ್ತಿ ಬಟ್ಟೆಯ ಮೇಲೆ ಹರಡಿ ಒತ್ತೊತ್ತಾಗಿ ಎಳೆಹೊಲಿಗೆ ಹಾಕಿದರೆ ಹರಕು ಅಲ್ಲಲ್ಲೇ ನಿಲ್ಲುತ್ತದೆ. ಅಂಥದ್ದನ್ನು ತೂಗುಹಾಕುವುದಕ್ಕಿಂತ ಗೊಂಬೆ ಹಬ್ಬದ ಮೆಟ್ಟಿಲಿಗೋ ಗೌರಿಯ ಪೀಠಕ್ಕೋ ಹಾಸುವುದು ಮೇಲು. ಹಣತೆಯ ಹತ್ತಿರ ಮಾತ್ರ ಬೇಡ.

ಖರ್ಚು ದೊಡ್ಡದಲ್ಲ. ಲೈನಿಂಗ್ ಒಂದು ಮೀಟರ್, ಫ್ಯೂಸಿಂಗ್ ಒಂದು ಮೀಟರ್, ದಾರ, ಲಾಡಿ ಎಲ್ಲ ಸೇರಿ 200ರಿಂದ 300 ರೂಪಾಯಿ ಇಟ್ಟುಕೊಳ್ಳಿ. ಊರಿಂದ ಊರಿಗೆ ಸ್ವಲ್ಪ ಹೆಚ್ಚು ಕಡಿಮೆ. ದರ್ಜಿಗೆ ಕೊಡುವುದಾದರೆ ತುಂಡುಗಳನ್ನು ನೀವೇ ಕತ್ತರಿಸಿ, ಫ್ಯೂಸಿಂಗ್ ಹಾಕಿ ಕೊಡಿ. ಕೂಲಿ ಮೊದಲೇ ಮಾತಾಡಿಕೊಳ್ಳಿ, ಹಬ್ಬದ ವಾರದಲ್ಲಿ ಹೋಗಬೇಡಿ.

ಈ ಸಾಮಾನೆಲ್ಲ ಯಾವ ಊರಿನ ಮ್ಯಾಚಿಂಗ್ ಸೆಂಟರ್‌ನಲ್ಲೂ ಸಿಗುತ್ತದೆ. ಬೆಂಗಳೂರಿನವರಿಗೆ ಚಿಕ್ಕಪೇಟೆ, ಹುಬ್ಬಳ್ಳಿಯವರಿಗೆ ದುರ್ಗದ ಬೈಲ್ ಗೊತ್ತಿರುವುದೇ. ಮನೆಯಲ್ಲಿ ಹಳೆ ಸೀರೆ ಇಲ್ಲದವರು ಬಟ್ಟೆಗೆ ಪಾತ್ರೆ ಕೊಡುವವರನ್ನು ಕೇಳಿ ನೋಡಿ. ಅವರ ಗಂಟಿನಲ್ಲಿ ಒಳ್ಳೆಯ ಅಂಚುಗಳು ಸಿಗುವುದುಂಟು. ಅದೂ ಆಗದಿದ್ದರೆ ಗುಳೇದಗುಡ್ಡ ಖಣ ಕೊಳ್ಳಿ. ಹೊಸದಾದ್ದರಿಂದ ಅದಕ್ಕೆ ಬೆಳಕಿನ ಪರೀಕ್ಷೆ ಬೇಡ, ಬಣ್ಣದ ಪರೀಕ್ಷೆ ಮಾತ್ರ ಬೇಕು.