ಒಂದು ‘ರನ್’, ಅರ್ಥ 645

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಪೀಟರ್ ಗಿಲಿವರ್ ಒಂದೇ ಒಂದು ಕ್ರಿಯಾಪದದ ಬೆನ್ನು ಹತ್ತಿ ಒಂಬತ್ತು ತಿಂಗಳು ಕೂತರು. ಎಲ್‌ಕೆಜಿ ಮಕ್ಕಳಿಗೂ ಗೊತ್ತಿರುವ ಪದ ಅದು: ‘ರನ್’. ಕೆಲಸ ಮುಗಿದಾಗ ಅವರ ಲೆಕ್ಕಕ್ಕೆ ಸಿಕ್ಕ ಅರ್ಥಗಳು 645. ಅದೇ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ‘ಸೆಟ್’ ಪದದ್ದಾಗಿತ್ತು. ಕ್ರಿಯಾಪದವಾಗಿ ಅದಕ್ಕೆ 430 ಅರ್ಥ.

ಕಾಲಿನ ಕೆಲಸವೊಂದಕ್ಕೆ ಇಷ್ಟು ಅರ್ಥ ಹುಟ್ಟಿದ್ದು ಹೇಗೆ? ಒಂದು ಕಾರಣ ನೀರು. ಈ ಪದದ ಜರ್ಮನ್ ದಾಯಾದಿ ‘ರಿನ್ನೆನ್’ಗೆ ಇಂದಿಗೂ ಹರಿಯುವುದು ಎಂದೇ ಅರ್ಥ. ಹಾಗಾಗಿ ಇಂಗ್ಲಿಷಿನಲ್ಲಿ ಹೊಳೆಯೂ ನಲ್ಲಿಯೂ ‘ರನ್’ ಆಗುತ್ತವೆ. ನೆಗಡಿಯಾದ ಮೂಗು, ನೆನೆಸಿದರೆ ಬಣ್ಣ ಬಿಡುವ ಬಟ್ಟೆ ಕೂಡ. ಇನ್ನೊಂದು ಕಾರಣ ಯಂತ್ರ. ಗಿರಣಿ, ರೈಲು, ಮೋಟಾರು ಬಂದಂತೆಲ್ಲ ಅವುಗಳ ಚಲನೆಗೆ ಇದೇ ಪದ ಒದಗಿತು. ಕಂಪ್ಯೂಟರ್ ಪ್ರೋಗ್ರಾಮಿಗೂ ಇದೇ.

ಕನ್ನಡದ ‘ಓಡು’ ಕೂಡ ಸುಮ್ಮನೆ ಕೂತಿಲ್ಲ. ಬಸ್ಸು ಓಡುತ್ತದೆ, ಮೀಟರು ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ. ಆದರೆ ಜವಾಬ್ದಾರಿ ಹೊರುವ ಮಾತು ಬಂದಾಗ ನಾವು ಹೆಜ್ಜೆ ನಿಧಾನ ಮಾಡುತ್ತೇವೆ. ಅಂಗಡಿ, ಶಾಲೆ, ಸಂಸಾರ ಎಲ್ಲವನ್ನೂ ‘ನಡೆಸುತ್ತೇವೆ’. ಇವೆಲ್ಲವೂ ಇಂಗ್ಲಿಷಿನವನಿಗೆ ‘ರನ್’. ಸಂಸಾರವನ್ನು ಓಡಿಸಲು ಹೊರಟವನಿಗೆ ನಮ್ಮಲ್ಲಿ ಯಾರೂ ಹೆಣ್ಣು ಕೊಡಲಿಕ್ಕಿಲ್ಲ! ಚುನಾವಣೆಯಲ್ಲಂತೂ ಅಮೆರಿಕದವರು ಅಧ್ಯಕ್ಷಗಿರಿಗೆ ‘ರನ್’ ಮಾಡುತ್ತಾರೆ, ಬ್ರಿಟನ್ನಿನವರು ಪಾರ್ಲಿಮೆಂಟಿಗೆ ನಿಲ್ಲುತ್ತಾರೆ. ನಮ್ಮ ಅಭ್ಯರ್ಥಿಗಳೂ ನಿಲ್ಲುವವರೇ. ಓಡುವುದೇನಿದ್ದರೂ ಟಿಕೆಟ್ ಸಿಗುವ ಮುಂಚೆ.

ಕನ್ನಡಿಗರ ನಾಲಗೆಗೆ ಈ ಪದ ಅಂಟಿದ್ದು ಕ್ರಿಕೆಟ್ಟಿನಿಂದ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಸ್ಕೋರು ಬರೆಯುವವರು ಪ್ರತಿ ಓಟಕ್ಕೂ ಕೋಲಿನ ಮೇಲೆ ಒಂದೊಂದು ಗೀರು ಕೊರೆಯುತ್ತಿದ್ದರು; ಆಗ ಎಣಿಕೆಯೂ ಆ ಗೀರುಗಳ ಹೆಸರಿನಲ್ಲೇ. ‘ರನ್’ ಬಳಕೆಗೆ ಬಂದದ್ದು ಆಮೇಲೆ. ಈಗ ಚೆಂಡನ್ನು ಗ್ಯಾಲರಿಗೆ ಅಟ್ಟಿ ನಿಂತಲ್ಲೇ ನಿಂತವನಿಗೂ ಆರು ರನ್.

ಓಡದೆಯೇ ಓಟವಾಗುವುದು ಬ್ಯಾಂಕಿನಲ್ಲೂ ಉಂಟು. ಹೆದರಿದ ಠೇವಣಿದಾರರು ಒಟ್ಟಿಗೇ ಹಣ ಹಿಂಪಡೆಯಲು ಮುಗಿಬೀಳುವುದೇ ‘ಬ್ಯಾಂಕ್ ರನ್’. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಜನ ಬೀದಿಯುದ್ದಕ್ಕೂ ಸಾಲುಗಟ್ಟಿದ್ದರು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ವಿಷಯದಲ್ಲಿ ಅಷ್ಟು ಶ್ರಮವೂ ಬೇಕಾಗಲಿಲ್ಲ. ಗ್ರಾಹಕರು ಹೆಚ್ಚಿನಂಶ ಕೂತಲ್ಲಿಂದಲೇ, ಆನ್‌ಲೈನಿನಲ್ಲಿ, ಒಂದೇ ದಿನ 4,200 ಕೋಟಿ ಡಾಲರ್ ತೆಗೆಯಲು ಹೊರಟರು. ಮರುದಿನ ಸರ್ಕಾರ ಬ್ಯಾಂಕನ್ನು ಮುಚ್ಚಿಸಿತು.