ಹೊತ್ತು ಮುಳುಗುವ ಮುಂಚೆ ನುಡಿಸಿದವರು

ಮೇಖ್ರಿ ಸರ್ಕಲ್‌ನಲ್ಲಿ ಬಸ್ಸಿಳಿದು ಬಳ್ಳಾರಿ ರಸ್ತೆಯಲ್ಲಿ ಕಾವೇರಿ ಥಿಯೇಟರ್ ಇದ್ದ ದಿಕ್ಕಿಗೆ ಹೊರಟರೆ ಎಡಕ್ಕೆ ಉದ್ದಾನುದ್ದ ಕಂಪೌಂಡು. ನಡುನಡುವೆ ದೊಡ್ಡ ಗೇಟುಗಳು, ಗೇಟಿಗೊಂದು ಹೆಸರು. ತ್ರಿಪುರವಾಸಿನಿ, ಗಾಯತ್ರಿ ವಿಹಾರ, ಕೃಷ್ಣ ವಿಹಾರ. ಮದುವೆಯ ದಿನಗಳಲ್ಲಿ ಈ ಗೇಟುಗಳ ಮುಂದೆ ಹೂವಿನ ಕಮಾನು ನಿಲ್ಲುತ್ತದೆ, ವಧೂವರರ ಹೆಸರಿನ ಬೋರ್ಡು ಏಳುತ್ತದೆ, ಕಾರುಗಳ ಸಾಲು ರಸ್ತೆಗೂ ಚಾಚಿಕೊಳ್ಳುತ್ತದೆ. ವಿಮಾನ ನಿಲ್ದಾಣಕ್ಕೆ ಹೊರಟವರು ಒಳಗಿನ ಯಾರದೋ ಬೀಗರೂಟವನ್ನು ಶಪಿಸುತ್ತ ಕೂರುತ್ತಾರೆ. ಅರಮನೆ ಮೈದಾನವೆಂದರೆ ಬೆಂಗಳೂರಿನ ಬಹುಪಾಲು ಜನಕ್ಕೆ ಇಷ್ಟೇ: ಮದುವೆ, ಪ್ರದರ್ಶನ, ರಾಜಕೀಯ ಸಮಾವೇಶ, ಟ್ರಾಫಿಕ್ಕು.

ನನ್ನ ಅಣ್ಣನ ಮಗನಿಗೆ ಮಾತ್ರ ಇದು ಬೇರೆಯೇ ಕ್ಷೇತ್ರ. ಬಾಗಲಕೋಟೆ ತಾಲ್ಲೂಕಿನ ಬೇವೂರಿನ ಹುಡುಗ, ಬಾಗಲಕೋಟೆಯಲ್ಲೇ ಎಂಜಿನಿಯರಿಂಗ್ ಓದಿದವ, ಈಗ ಇಲ್ಲಿ ಸಾಫ್ಟ್‌ವೇರ್ ಕೆಲಸ. ಊರ ಜಾತ್ರೆಗೂ ತಲೆಬುರುಡೆ ಇರುವ ಕರಿ ಟೀ ಶರ್ಟ್ ಹಾಕಿಕೊಂಡೇ ಬರುತ್ತಾನೆ. ಮನೆಯ ಹೆಣ್ಣುಮಕ್ಕಳು ಅದನ್ನು ಬೈದು ಬೈದು ಸಾಕಾಗಿ ಬಿಟ್ಟಿದ್ದಾರೆ. 2011ರಲ್ಲಿ ಮೆಟಾಲಿಕಾ ಎಂಬ ಮೆಟಲ್ ತಂಡ ಈ ಮೈದಾನಕ್ಕೆ ಬಂದಾಗ ಹಾಸ್ಟೆಲ್ಲಿನ ಗೆಳೆಯರ ಜೊತೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದಿದ್ದ. ಆ ಕತೆ ಕೇಳಿದಾಗೆಲ್ಲ ಒಂದು ವಿಚಿತ್ರ ಕಾಣುತ್ತಿತ್ತು. ಅವನು ಮೆಟಾಲಿಕಾದಿಂದ ಶುರು ಮಾಡುವುದೇ ಇಲ್ಲ. ಅದಕ್ಕಿಂತ ಮುಂಚೆ ವೇದಿಕೆ ಹತ್ತಿದ ಬೆಂಗಳೂರಿನ ತಂಡದಿಂದ ಶುರು ಮಾಡುತ್ತಾನೆ. ‘ಜಾಗಾ ತೋರ್ಸು ನಡಿ’ ಎಂದೆ. ಗುಳೇದಗುಡ್ಡದ ಅವನ ಗೆಳೆಯನೊಬ್ಬ ಸೇರಿಕೊಂಡ. ಬಸವನಗುಡಿಯ ಒಬ್ಬರು ಹಿರಿಯರೂ ಬಂದರು. ಐವತ್ತರ ಹತ್ತಿರದ ಬ್ಯಾಂಕ್ ನೌಕರ, 2007ರಲ್ಲಿ ಇಲ್ಲಿ ಐರನ್ ಮೇಡನ್ ತಂಡವನ್ನು ಕಂಡವರು. ಮೆಟಲ್ ರಸಿಕರ ಪಂಗಡದಲ್ಲಿ ಅದೊಂದು ಪದವಿ.

ಒಳಗೆ ಕಾಲಿಟ್ಟ ಕೂಡಲೇ ಜಗಳ.

‘ಕಾಕಾ, ಸ್ಟೇಜ್ ಇಲ್ಲೇ ಇತ್ತು ನೋಡ್ರಿ, ಆ ಗಿಡದ ಹಿಂದ.’

‘ಏ, ಇಲ್ಲಲೇ. ಸ್ಟೇಜ್ ಆ ಕಡಿ ಇತ್ತು. ನಾವು ಬಂದಿದ್ದು ಈ ಗೇಟಿನಿಂದ ಅಲ್ಲs ಅಲ್ಲ.’

‘ನೀವಿಬ್ಬರೂ ಹೇಳ್ತಿರೋದು ತಪ್ಪು,’ ಎಂದರು ಬಸವನಗುಡಿಯವರು. ತಾವು ಕಂಡದ್ದು ಬೇರೆ ವರ್ಷ ಎಂಬುದು ಅವರ ಲೆಕ್ಕಕ್ಕೆ ಬರಲಿಲ್ಲ.

ನಿರ್ಣಯ ಆಗಲಿಲ್ಲ, ಆಗುವಂತೆಯೂ ಇಲ್ಲ. ಆಗ ಬಯಲಾಗಿದ್ದ ಕಡೆಯೆಲ್ಲ ಈಗ ತಗಡಿನ ಚಾವಣಿ, ಕಮಾನು, ಹುಲ್ಲುಹಾಸು, ಜನರೇಟರ್ ಗೂಡು. ಅಲ್ಲದೆ ಈ ಮೈದಾನ ಒಂದೇ ನೋಟಕ್ಕೆ ಸಿಕ್ಕುವಂಥದ್ದೂ ಅಲ್ಲ. ಅರಮನೆಯನ್ನೂ ಸೇರಿಸಿದರೆ ಒಟ್ಟು 472 ಎಕರೆ 16 ಗುಂಟೆ. ಸೆಂಟ್ರಲ್ ಹೈಸ್ಕೂಲಿನ ಮೊದಲ ಪ್ರಾಂಶುಪಾಲ ರೆವರೆಂಡ್ ಗ್ಯಾರೆಟ್ ಕಟ್ಟಲು ಶುರು ಮಾಡಿದ್ದ ಮನೆಯನ್ನು 1873ರಲ್ಲಿ ಬಾಲಕ ಚಾಮರಾಜ ಒಡೆಯರ್ ಅವರ ಪೋಷಕರು ಕೊಂಡರು. ಅದೇ ಈಗಿನ ಅರಮನೆ. 1996ರಲ್ಲಿ ಸರ್ಕಾರ ಇಡೀ ಆಸ್ತಿಯನ್ನು ವಶಪಡಿಸಿಕೊಳ್ಳಲು ಕಾಯ್ದೆ ಮಾಡಿತು, ರಾಜಮನೆತನ ಕೋರ್ಟಿಗೆ ಹೋಯಿತು, ವ್ಯಾಜ್ಯ ಸುಪ್ರೀಂ ಕೋರ್ಟು ಮುಟ್ಟಿ ದಶಕಗಳೇ ಉರುಳಿದವು. ಇಲ್ಲಿ ನೋಡುವ ಪ್ರತಿಯೊಂದು ಚಾವಣಿಗೂ ಈ ವ್ಯಾಜ್ಯದ ನೆರಳಿದೆ.

ಆದರೆ ಆ ವ್ಯಾಜ್ಯದ ನಡುವೆಯೇ ಈ ಬಯಲು ಕೆಲವು ವರ್ಷ ಇಡೀ ದೇಶದ ರಾಕ್ ರಸಿಕರನ್ನು ತನ್ನ ಕಡೆ ಎಳೆದುಕೊಂಡಿತು. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಫ್ಲರ್, 2007ರಲ್ಲಿ ಏರೋಸ್ಮಿತ್. 2008ರ ಮಾರ್ಚ್ 14ಕ್ಕೆ ಮೆಗಾಡೆತ್ ಮತ್ತು ಮಶೀನ್ ಹೆಡ್. ಮುಂಬೈಗೆ, ದಿಲ್ಲಿಗೆ ಹೋಗಬೇಕಾದವರು ಬೆಂಗಳೂರಿಗೆ ಏಕೆ ಬಂದರು ಎಂದರೆ ಉತ್ತರ ಸರಳ. ಊರ ನಡುವೆ ಇಷ್ಟು ದೊಡ್ಡ ಖಾಲಿ ಜಾಗ, ಸಂಜೆಗೆ ತಂಪು ಹವೆ, ಟಿಕೆಟ್ ಕೊಳ್ಳುವ ಶಕ್ತಿಯಿರುವ ಹುಡುಗರು. ಕಾಲೇಜು ಉತ್ಸವಗಳಲ್ಲಿ ಕಿವಿ ಪಳಗಿದ ಜನ ಮೊದಲೇ ಇಲ್ಲಿದ್ದರು.

ಬಸವನಗುಡಿಯವರ ಮಾತೆಲ್ಲ 2007ರ ಮಾರ್ಚ್ 17ರ ಶನಿವಾರದ್ದು. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಐರನ್ ಮೇಡನ್ ಅಂದು ಮೊದಲ ಸಲ ಭಾರತದಲ್ಲಿ ನುಡಿಸಿತು. ಅದಕ್ಕೂ ಮುಂಚೆ ಇಬ್ಬರು ಬಂದರು. ಒಬ್ಬಳು ಲಾರೆನ್ ಹ್ಯಾರಿಸ್, ಮೇಡನ್ನಿನ ಬೇಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್‌ನ ಮಗಳು. ಇನ್ನೊಂದು ದಿಲ್ಲಿಯ ಪರಿಕ್ರಮ, 1991ರಲ್ಲಿ ಶುರುವಾದ ತಂಡ, ಪಿಟೀಲನ್ನೂ ಜೊತೆಗಿಟ್ಟುಕೊಂಡ ರಾಕ್ ತಂಡ. ಮಗಳ ಬಗ್ಗೆ ಹಿರಿಯರು ಒಂದೇ ಮಾತಲ್ಲಿ ಮುಗಿಸಿದರು, ‘ಅಪ್ಪನ ಅಂಗಡಿ ಸಾರ್.’ ಪರಿಕ್ರಮದ ವಿಷಯಕ್ಕೆ ಬಂದಾಗ ನಿಂತೇಬಿಟ್ಟರು. ಬಿಸಿಲಿಗೆ ಬೆವರುತ್ತ, ನೀರಿಗೆ ಒದ್ದಾಡುತ್ತ, ‘ಮೇಡನ್, ಮೇಡನ್’ ಎಂದು ಕೂಗುತ್ತಿದ್ದ ಜನ ಪಿಟೀಲು ಗಿಟಾರಿಗೆ ಎದುರು ನಿಂತಾಗ ಮೊದಲು ನಕ್ಕರಂತೆ, ಆಮೇಲೆ ಕೈಯೆತ್ತಿದರಂತೆ. ಆ ಕೈಯೆತ್ತಿದ್ದಕ್ಕೆ ಬೆಲೆಯೂ ಬಂತು. ಅದೇ ವರ್ಷ ಜೂನ್‌ನಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್‌ನ ಡೌನ್‌ಲೋಡ್ ಉತ್ಸವದಲ್ಲಿ ಐರನ್ ಮೇಡನ್ ಮುಖ್ಯ ತಂಡಗಳಲ್ಲಿ ಒಂದಾಗಿತ್ತು, ಪರಿಕ್ರಮವೂ ಅಲ್ಲಿ ನುಡಿಸಿ ಬಂತು.

ಈ ಮೊದಲ ತಂಡದ ಕೆಲಸವನ್ನು ಇವರು ‘ಓಪನಿಂಗ್’ ಎನ್ನುತ್ತಾರೆ. ಅದೆಷ್ಟು ಕಷ್ಟದ್ದು ಎಂದು ನನಗೆ ಬಿಡಿಸಿ ಹೇಳಿದವನು ಗುಳೇದಗುಡ್ಡದ ಹುಡುಗ. ಅವನೂ ಒಂದು ಕಾಲಕ್ಕೆ ಹಾಸ್ಟೆಲ್ ಕೋಣೆಯಲ್ಲಿ ಡ್ರಮ್ ಬಾರಿಸುತ್ತಿದ್ದವ. ಮುಖ್ಯ ತಂಡದ ಡ್ರಮ್ ಸೆಟ್ಟು ಮಧ್ಯಾಹ್ನವೇ ಎತ್ತರದ ಕಟ್ಟೆಯ ಮೇಲೆ ಕೂತಿರುತ್ತದೆ, ಅದರ ಮೇಲೆ ಕರಿ ಬಟ್ಟೆ. ಅದನ್ನು ಯಾರೂ ಮುಟ್ಟುವಂತಿಲ್ಲ. ಓಪನಿಂಗ್ ತಂಡದ ಡ್ರಮ್ ಅದರ ಮುಂದೆ, ಉಳಿದ ಕಿರುಜಾಗದಲ್ಲಿ. ಗಿಟಾರಿನವರು ಎರಡು ಹೆಜ್ಜೆ ಹಿಂದೆ ಸರಿದರೆ ವೈರಿಗೆ ಕಾಲು ಸಿಕ್ಕೀತು. ಮುಖ್ಯ ತಂಡ ತನ್ನ ದನಿಯನ್ನು ಗಂಟೆಗಟ್ಟಲೆ ಹದ ಮಾಡಿಕೊಂಡಿರುತ್ತದೆ, ಇವರಿಗೆ ಸಿಗುವುದು ‘ಹಲೋ, ಚೆಕ್’ ಎನ್ನುವಷ್ಟು ಹೊತ್ತು. ಬೆಳಕಿನ ಆಟ ಇವರಿಗಿಲ್ಲ, ಯಾಕೆಂದರೆ ಸೂರ್ಯ ಇನ್ನೂ ಮುಳುಗಿರುವುದಿಲ್ಲ. ಎದುರಿಗಿನ ಜನ ಟಿಕೆಟ್ ಕೊಂಡದ್ದು ಇವರಿಗಾಗಿ ಅಲ್ಲ. ಅರ್ಧ ತಾಸು, ಹೆಚ್ಚೆಂದರೆ ಇನ್ನೊಂಚೂರು. ಅಷ್ಟರಲ್ಲಿ ಅರ್ಧ ಜನ ಇನ್ನೂ ಗೇಟಿನಲ್ಲಿ ಚೆಕಿಂಗ್ ಮಾಡಿಸಿಕೊಳ್ಳುತ್ತಿರುತ್ತಾರೆ.

ಇದು ನಮ್ಮ ಕಡೆಯವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಬಾದಾಮಿ ಬನಶಂಕರಿಯ ಜಾತ್ರೆಯಲ್ಲಿ ನಾಟಕ ಕಂಪನಿಯ ತಗಡಿನ ಥಿಯೇಟರಿನೊಳಗೆ ಕೂತವರಿಗೆ ಪಡದೆ ಏಳುವ ಮುಂಚಿನ ಹೊತ್ತು ನೆನಪಿರುತ್ತದೆ. ಪೇಟಿ ಮಾಸ್ತರ ಕಾಲಪೇಟಿ ಒತ್ತುತ್ತ, ತಬಲಾದವನಿಗೆ ಕಣ್ಸನ್ನೆ ಮಾಡುತ್ತ ಗದ್ದಲದ ಮೇಲೆ ಗದ್ದಲ ಏರಿಸುತ್ತಾನೆ. ಜನ ಶೇಂಗಾ ಸುಲಿಯುತ್ತ, ಜಾಗಕ್ಕೆ ಜಗಳಾಡುತ್ತ ಇರುತ್ತಾರೆ. ನಾಟಕದ ಕತೆ ಮರೆತವರೂ ‘ಆ ವರ್ಷದ ಪೇಟಿ’ ಎಂದು ನೆನೆಯುವುದನ್ನು ಕೇಳಿದ್ದೇನೆ. ವ್ಯತ್ಯಾಸ ಒಂದೇ. ಬನಶಂಕರಿಯಲ್ಲಿ ಬೆಳಕು ಹರಿಯುವವರೆಗೆ ಆಟ. ಇಲ್ಲಿ ರಾತ್ರಿ 10 ಗಂಟೆಗೆ ಧ್ವನಿವರ್ಧಕ ಬಂದ್, ಅದು 2000ದ ಶಬ್ದಮಾಲಿನ್ಯ ನಿಯಮ. ಹಾಗಾಗಿ ದೊಡ್ಡವರ ಸಮಯವನ್ನು ಹಿಂದಕ್ಕೆ ತಳ್ಳುವಂತಿಲ್ಲ. ಏನಾದರೂ ತಡವಾದರೆ ಕತ್ತರಿ ಬೀಳುವುದು ಮೊದಲ ತಂಡದ ಹಾಡಿಗೆ.

ಇನ್ನು ಮೆಟಾಲಿಕಾ ಇಲ್ಲಿ ನುಡಿಸಿದ 2011ರ ಅಕ್ಟೋಬರ್ 30, ಭಾನುವಾರ. ಅದೇ ದಿನ ದಿಲ್ಲಿಯ ಹತ್ತಿರ ಭಾರತದ ಮೊದಲ ಫಾರ್ಮುಲಾ ಒನ್ ರೇಸು. ಅದರ ಸಂಭ್ರಮಕ್ಕೆಂದೇ 28ರಂದು ಗುರ್ಗಾಂವ್‌ನಲ್ಲಿ ಮೆಟಾಲಿಕಾ ನುಡಿಸಬೇಕಿತ್ತು. ಸುರಕ್ಷತೆಯ ಕಾರಣಕ್ಕೆ ಅದು ರದ್ದಾಯಿತು, ಸಿಟ್ಟಾದ ಜನ ವೇದಿಕೆಗೇ ನುಗ್ಗಿ ಮುರಿದರು. ಬೆಂಗಳೂರಿನದ್ದಾದರೂ ನಡೆಯುತ್ತದೋ ಇಲ್ಲವೋ ಎಂಬ ಅನುಮಾನದಲ್ಲೇ ನಮ್ಮ ಹುಡುಗರು ಬಸ್ಸಿನಲ್ಲಿ ಕೂತಿದ್ದರು. ಹಾಸ್ಟೆಲ್ಲಿನಲ್ಲಿ ಒಂದೇ ಕಂಪ್ಯೂಟರಿನಿಂದ ಮೆಮೊರಿ ಕಾರ್ಡಿಗೆ, ಅಲ್ಲಿಂದ ಇನ್ನೊಬ್ಬರ ಮೊಬೈಲಿಗೆ ಹಾಡು ದಾಟಿಸಿಕೊಂಡು ಕೇಳಿದವರು. ಒಂದು ದೊಡ್ಡ ಸ್ಪೀಕರಿನ ಎದುರು ಒಮ್ಮೆಯೂ ನಿಂತವರಲ್ಲ.

ಬೆಂಗಳೂರಿನಲ್ಲಿ ಮಳೆ. ಮೈದಾನವೆಲ್ಲ ಕೆಂಪು ಕೆಸರು. ಸಿಟಿಯ ಹುಡುಗರು ಪ್ಯಾಂಟು ಮಡಚಿ, ಒಣ ಜಾಗ ಹುಡುಕುತ್ತ ಅಂಚಿಗೆ ನಿಂತರಂತೆ. ‘ನಾವು ಎರಿ ಹೊಲದಾಗ ಅಡ್ಡಾಡಿದವ್ರು ಕಾಕಾ, ಇದೇನ್ ರಾಡಿ? ಸೀದಾ ಮುಂದಕ ಹೋಗಿ ನಿಂತ್ವಿ.’ ಹೀಗೆ ಬೇವೂರಿನ ಹುಡುಗನಿಗೆ ಮುಂದಿನ ಸಾಲು ಸಿಕ್ಕಿತು. ಸಿಕ್ಕಿದ್ದರಿಂದಲೇ ಇನ್ನರ್ ಸ್ಯಾಂಕ್ಟಮ್ ಸಿಕ್ಕಿತು.

ಇನ್ನರ್ ಸ್ಯಾಂಕ್ಟಮ್ ಬೆಂಗಳೂರಿನದೇ ತಂಡ, ಶುರುವಾದದ್ದು 2007ರಲ್ಲಿ. ಮೆಟಾಲಿಕಾದ ಎದುರು ಅದು ನಿನ್ನೆ ಮೊನ್ನೆಯ ಕೂಸು. ಅದರ ನಂತರ ಸ್ಕಾಟ್ಲೆಂಡಿನ ಬಿಫಿ ಕ್ಲೈರೊ ಬರುವುದಿತ್ತು. ಬೇವೂರಿನವನು ಈ ಬೆಂಗಳೂರಿನ ತಂಡದ ಒಂದು ಹಾಡನ್ನೂ ಮುಂಚೆ ಕೇಳಿದವನಲ್ಲ. ಅವನು ಹೇಳುವುದು ಹಾಡಿನ ವಿಷಯ ಅಲ್ಲವೇ ಅಲ್ಲ. ಮೊದಲ ಸಲ ಡಬಲ್ ಬೇಸ್ ಡ್ರಮ್ಮಿನ ಏಟು ಕಿವಿಯಿಂದಲ್ಲ, ಅಂಗಾಲಿನಿಂದ, ಕೆಸರಿನ ಮೂಲಕ ಏರಿ ಬಂದದ್ದು. ಎಡಕ್ಕಿದ್ದ ಅಪರಿಚಿತ ಹುಡುಗ ತಮಿಳಿನಲ್ಲಿ ಏನೋ ಕೂಗಿ ಹೆಗಲಿಗೆ ಕೈ ಹಾಕಿದ್ದು. ಹಾಡುಗಾರನು ಬೆಂಗಳೂರಿನ ಹೆಸರು ಹೇಳಿದಾಗ ತಾನೂ ಕೂಗಿದ್ದು. ‘ನಾ ಬೆಂಗ್ಳೂರಿನವ ಅಲ್ಲ, ಆದ್ರೂ ಒದರಿದೆ.’ ಮುಂದೆ ರಾತ್ರಿ ಮೊರಿಕೋನೆಯ ಸಿನಿಮಾ ಸಂಗೀತ ಮೊಳಗಿ ಮೆಟಾಲಿಕಾ ಬಂದಾಗ ಹಿಂದಿನಿಂದ ಜನ ನುಗ್ಗಿ, ಇವನು ಎಲ್ಲೋ ಪಕ್ಕಕ್ಕೆ ತಳ್ಳಿಸಿಕೊಂಡ. ಅದರ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್‌ನನ್ನು ಬಹುಪಾಲು ನೋಡಿದ್ದು ದೊಡ್ಡ ಪರದೆಯ ಮೇಲೆ. ಕಣ್ಣಾರೆ, ಬೆರಳು ತಂತಿಯ ಮೇಲೆ ಓಡುವುದು ಕಾಣುವಷ್ಟು ಹತ್ತಿರದಿಂದ ನೋಡಿದ್ದು ಆ ಬೆಂಗಳೂರಿನ ಹುಡುಗರನ್ನು. ನೆನಪು ಅವರಿಂದ ಶುರುವಾಗುವುದರಲ್ಲಿ ಆಶ್ಚರ್ಯವೇನಿದೆ?

ಗುಳೇದಗುಡ್ಡದವನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಅವನು ಆ ಹೊತ್ತಿಗೆ ಗೇಟಿನ ಹೊರಗೆ ಪರೋಟಾ ತಿನ್ನುತ್ತಿದ್ದ. ‘ನಮಗ ಮೆಟಾಲಿಕಾನs ಮೊದಲು, ಮೆಟಾಲಿಕಾನs ಕೊನಿ,’ ಎನ್ನುತ್ತಾನೆ. ಪರೋಟಾ ಚೆನ್ನಾಗಿತ್ತಂತೆ.

ಬೆಂಗಳೂರಿನ ಮೆಟಲ್ ಈ ಮೈದಾನದಿಂದಲೇ ಹುಟ್ಟಿತೆಂದು ನಾನು ಹೇಳುವುದಿಲ್ಲ. ಕ್ರಿಪ್ಟೋಸ್ ತಂಡ ಶುರುವಾದದ್ದು 1998ರಲ್ಲಿ, ಮೇಡನ್ ಇಲ್ಲಿಗೆ ಬರುವುದಕ್ಕೆ ಎಷ್ಟೋ ಮುಂಚೆ. ಕಾಲೇಜು ವೇದಿಕೆ, ಪಬ್ಬಿನ ಮೂಲೆ ಎನ್ನದೆ ನುಡಿಸುತ್ತ ಬಂದು 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಹತ್ತಿದರು. ಆ ವಾಕನ್ ಕೂಡ ನಮ್ಮ ಬೇವೂರಿನಂಥ ಒಂದು ಹಳ್ಳಿಯೇ. ಸುಮಾರು 2,000 ಜನರ ಊರು, ಸುತ್ತ ಹೊಲ. 1990ರಿಂದ ಬೇಸಿಗೆಗೊಮ್ಮೆ ಆ ಹೊಲಗಳಲ್ಲಿ ಪ್ರಪಂಚದ ಮೆಟಲ್ ಜಾತ್ರೆ. ಮಳೆ ಬಂದರೆ ಅಲ್ಲೂ ರಾಡಿಯೇ. 2023ರಲ್ಲಿ ಕೆಸರು ಎಷ್ಟಾಯಿತೆಂದರೆ ಸುಮಾರು 50,000 ಜನರ ನಂತರ ಒಳಗೆ ಬಿಡುವುದನ್ನೇ ನಿಲ್ಲಿಸಿದರು, ಟಿಕೆಟ್ ಇದ್ದವರೂ ವಾಪಸ್ಸು. ಆದರೂ ಹಳ್ಳಿ ಜಾತ್ರೆಯನ್ನು ಬಿಟ್ಟುಕೊಟ್ಟಿಲ್ಲ. ಕ್ರಿಪ್ಟೋಸ್‌ನಂಥ ತಂಡ ಅಲ್ಲಿಗೆ ಮುಟ್ಟುವುದು ಊರಲ್ಲಿ ಮಧ್ಯಾಹ್ನದ ಬಿಸಿಲಿಗೂ ನಿಂತು ಕೇಳುವ ಕೆಲವರಾದರೂ ಇದ್ದರೆ ಮಾತ್ರ.

ಬೆಂಗಳೂರು ಬಿಟ್ಟುಕೊಟ್ಟಿತೆಂದೇ ನನ್ನ ಅಭಿಪ್ರಾಯ. 2009ರ ಫೆಬ್ರುವರಿಯಲ್ಲಿ ಮೇಡನ್ ಮತ್ತೊಮ್ಮೆ ಈ ಮೈದಾನಕ್ಕೇ ಬಂದಿತ್ತು. ಮೆಟಾಲಿಕಾ ಬಂದುಹೋದ ಮರುವರ್ಷವೇ ಸ್ಲೇಯರ್, ಗನ್ಸ್ ಆ್ಯಂಡ್ ರೋಸಸ್ ನುಡಿಸಿದ್ದು ಹೆಬ್ಬಾಳದಾಚೆ, ಥಣಿಸಂದ್ರದ ಕಡೆಯ ಭಾರತೀಯ ಸಿಟಿಯಲ್ಲಿ. ಅರಮನೆ ಮೈದಾನದಲ್ಲಿ ಈಗಲೂ ಹಾಡಿನ ಕಾರ್ಯಕ್ರಮಗಳು ನಡೆಯುತ್ತವೆ. ಆದರೆ ಖಾಯಂ ಗಿರಾಕಿ ಮದುವೆಯೇ, ಬಾಡಿಗೆ ಖಚಿತ, ಗದ್ದಲ ಕಡಿಮೆ. ಈ ನಡುವೆ ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲಿಸಲು ಬೇಕಾದ 15 ಎಕರೆ 39 ಗುಂಟೆಯ ಪರಿಹಾರದ ಹಗ್ಗಜಗ್ಗಾಟ ಬೇರೆ. ಊರ ನಡುವೆ, ಬಸ್ಸಿಳಿದು ನಡೆದೇ ತಲುಪುವಂಥ ಬಯಲಿನಲ್ಲಿ ಹಾಡು ಕೇಳುವುದಕ್ಕೂ, ಎರಡು ತಾಸು ಟ್ಯಾಕ್ಸಿಯಲ್ಲಿ ಕೂತು ಊರಾಚೆಗೆ ಹೋಗುವುದಕ್ಕೂ ವ್ಯತ್ಯಾಸವಿದೆ. ಬಾಗಲಕೋಟೆಯಿಂದ ರಾತ್ರಿ ಬಸ್ಸಿಗೆ ಬಂದವನಿಗೆ ಆ ಟ್ಯಾಕ್ಸಿ ದುಡ್ಡು ಎಲ್ಲಿಂದ? ತಡವಾಗಿ ತಲುಪಿದರೆ ಅವನಿಗೆ ತಪ್ಪುವುದು ಮೊದಲ ತಂಡವೇ.

ಹೊರಗೆ ಬಂದಾಗ ಮೂವರೂ ಇನ್ನೂ ಸ್ಟೇಜಿನ ಜಾಗದ ಬಗ್ಗೆಯೇ ವಾದ ಮಾಡುತ್ತಿದ್ದರು. ನೋಡಬೇಕೆನ್ನುವವರಿಗೆ ಒಂದು ಮಾತು. ಅರಮನೆಗೆ ದಾರಿ ವಸಂತನಗರದ ಕಡೆಯಿಂದ, ಟಿಕೆಟ್ ಕೊಂಡು ಒಳಗೆ ಹೋಗಬಹುದು. ಮೈದಾನಕ್ಕೆ ಏನಾದರೂ ಕಾರ್ಯಕ್ರಮ ಇದ್ದಾಗಷ್ಟೇ ಪ್ರವೇಶ. ಅದು ಹಾಡಿನ ಕಾರ್ಯಕ್ರಮವಾಗಿದ್ದರೆ ಟಿಕೆಟ್ಟಿನ ಮೇಲೆ ಗೇಟು ತೆರೆಯುವ ಸಮಯ ಬರೆದಿರುತ್ತದೆ. ಆ ಸಮಯಕ್ಕೇ ಹೋಗಿ, ಪರೋಟಾ ಆಮೇಲೆ ತಿನ್ನಿ.